ಮಾರ್ಟಿಯ ತೋಳು ಕೆಡಿಸಿದವರು ಯಾರು?

“ನಮ್ಮ ಹುಡುಗನ್ನ ಯಾರೋ ಮುಗಿಸ್ಬಿಟ್ರು!”

ಹಾಲೇಶಪ್ಪನ ಕೂಗಿಗೆ ಜಗಳೂರಿನ ಆ ಬೀದಿಯೇ ತಿರುಗಿ ನೋಡಿತು. ಪಂಪ್‌ಸೆಟ್ ರಿಪೇರಿ ಅಂಗಡಿಯ ಬಾಗಿಲಲ್ಲಿ ಅವನು ಮೊಬೈಲ್ ಹಿಡಿದು ನಿಂತಿದ್ದ.

ಸತ್ತವರು ಯಾರೂ ಇರಲಿಲ್ಲ. ಆದರೆ ಅವನೂ ಗೆಳೆಯ ಮುಜಮ್ಮಿಲ್ಲನೂ ಕೂಡಿ ನಡೆಸುತ್ತಿದ್ದ ಆನ್‌ಲೈನ್ ಬೇಸ್‌ಬಾಲ್ ತಂಡದ ಜೀವವೇ ಹೋಗಿತ್ತು. ಆಡುವುದು ಕಂಪ್ಯೂಟರ್, ಆಟಗಾರರನ್ನು ಆರಿಸಿ, ಅಭ್ಯಾಸ ಕೊಟ್ಟು ಬೆಳೆಸುವುದಷ್ಟೇ ಇವರ ಕೆಲಸ. ಹಾಗೆ ಎಳೆಯ ಹುಡುಗನಿಂದ ಬೆಳೆಸಿದ ಎಸೆತಗಾರ ಮಾರ್ಟಿ. ಪಂಪ್ ರಿಪೇರಿ ಸೀಸನ್ನಿನ ಕೆಲಸದಲ್ಲಿ ಕೆಲವು ವಾರ ಇಬ್ಬರೂ ಅವನ ಪುಟ ತೆರೆದಿರಲಿಲ್ಲ. ಇವತ್ತು ತೆರೆದರೆ, ತುಂಬು ಹಸಿರಾಗಿದ್ದ ಎಸೆತದ ವೇಗದ ಗೆರೆ ಕುಸಿದು ಕೆಂಪು! ನಾಳೆ ಫೈನಲ್!

ಮುಜಮ್ಮಿಲ್ ಬಂದದ್ದೇ ತಡ, ಹಾಲೇಶಪ್ಪ ಅವನ ಕೊರಳಪಟ್ಟಿಗೆ ಕೈ ಹಾಕಿದ. ಅಂಗಿಯ ಗುಂಡಿ ಕಿತ್ತು ಚರಂಡಿಗೆ ಉರುಳಿತು.

“ಮಾರ್ಟಿನ ಮಾರಾಣ ಅಂದಿದ್ದೋನು ನೀನೇ!”

“ಅಂದಿದ್ದೆ ಹಾಲೇಶಣ್ಣ. ನೀನು ಬ್ಯಾಡ ಅಂದೆ, ಬಿಟ್ಟೆ. ಹುಡುಗನ ತೋಳು ಮುರಿಯೋನೇನಾ ನಾನು?”

ಹಾಲೇಶಪ್ಪ ಫೋನ್ ಮಾಡಿದ್ದಕ್ಕೆ ಹೊನ್ನಾಳಿಯಿಂದ ಅನಿತಾ ಬಂದಳು. ಅಲ್ಲಿ ಬ್ಯೂಟಿ ಪಾರ್ಲರ್ ನಡೆಸುವವಳು, ಈ ಲೀಗಿನ ಉಸ್ತುವಾರಿಯೂ ಅವಳದೇ. ತಪ್ಪು ಸಾಬೀತಾದರೆ ಮುಜಮ್ಮಿಲ್ ಲೀಗಿನಿಂದ ಹೊರಗೆ. ಇಷ್ಟು ವರ್ಷದ ಗೆಳೆತನವೂ ಅಷ್ಟೇ.

ಅಂಗಡಿಯ ಹಿಂದೆಯೇ ಮನೆ. ತೆರೆದ ಒಳಬಾಗಿಲಿನಾಚೆ ಅಡುಗೆಮನೆಯಲ್ಲಿ ಹಳೇ ಮೊಬೈಲೊಂದರಲ್ಲಿ ಸೀರಿಯಲ್ ಅಳುತ್ತಿತ್ತು.

“ಪಾಸ್‌ವರ್ಡ್ ಯಾರ ಹತ್ರ ಐತೆ?” ಅನಿತಾ ಕೇಳಿದಳು.

“ನನ್ನ ಹತ್ರ, ಇವನ ಹತ್ರ. ಇನ್ಯಾರೂ ಇಲ್ಲ ಅನಿತಕ್ಕ. ಇವನ್ನ ಕಿತ್ತಾಕಿ, ಮುಗೀತು!”

“ತಾಳ್ರಿ. ಅಷ್ಟು ಸಿಟ್ಟಿದ್ರೆ ನೀವೇ ನಾಳೆ ಚೆಂಡು ಎಸೀರಿ.” ಅನಿತಾ ಮಾರ್ಟಿಯ ಪುಟವನ್ನು ಕೆಳಗಿನವರೆಗೂ ಸರಿಸಿದಳು. ತಟ್ಟನೆ ನಿಂತಳು. “ಬಿದ್ದಿದ್ದನ್ನ ಇಬ್ರೂ ನೋಡೀರಿ. ಎದ್ದಿದ್ದನ್ನ ನೋಡಿದ್ರಾ?”

ಬ್ಯಾಟಿಂಗ್ ಗೆರೆ — ತುಂಬು ಹಸಿರು!

ಹಾಲೇಶಪ್ಪ ಮೊಬೈಲಿನ ಮೇಲೆ ಬಗ್ಗಿದ. “ಎಸೆಯೋನಿಗೆ ಬ್ಯಾಟಿಂಗ್ ಯಾಕೆ? ನಮ್ಮ ಲೀಗಲ್ಲಿ ಅವನ ಬದಲಿಗೆ ಬೇರೆಯೋನು ಬ್ಯಾಟ್ ಹಿಡೀತಾನಲ್ಲ!”

“ಅದು ನಿಮಗೆ ಗೊತ್ತು, ಮುಜಮ್ಮಿಲ್‌ಗೂ ಗೊತ್ತು. ವಾರದ ಅಭ್ಯಾಸ ಒಂದು ವಿದ್ಯೆಗೇ ಸಿಗಾದು, ಬಿಟ್ಟಿದ್ದು ಸವೀತೈತೆ ಅನ್ನಾದೂ ಗೊತ್ತು. ಕೆಡಿಸೋನಾಗಿದ್ರೆ ಅಭ್ಯಾಸನೇ ನಿಲ್ಲಿಸ್ತಿದ್ದ. ಇಲ್ಲಿ ಒಂದು ವಾರನೂ ತಪ್ಪಿಲ್ಲ. ಇದು ಹಗೆಯೋರ ಕೆಲಸ ಅಲ್ಲ, ಆಟ ಗೊತ್ತಿಲ್ಲದ ಅಕ್ಕರೆಯೋರ ಕೆಲಸ.” ಅವಳು ಒಳಬಾಗಿಲ ಕಡೆ ನೋಡಿದಳು. “ಆ ಹಳೇ ಮೊಬೈಲ್ ಯಾರದು?”

“ನಂದೇ. ಆದ್ರೆ...”

“ಪಾಸ್‌ವರ್ಡ್ ಕೇಳದಂಗೆ ಆಟ ಅದರಾಗೂ ತೆರೆದೇ ಐತೆ, ಅಲ್ವಾ?”

ಸೀರಿಯಲ್ ನಿಂತಿತು. ಹಾಲೇಶಪ್ಪನ ಹೆಂಡತಿ ದುರುಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು.

“ನಾನೇ ರೀ. ವಾರಾ ವಾರಾ ಅಭ್ಯಾಸದ ಬಟನ್ ಒತ್ತು, ಮರೀಬ್ಯಾಡ ಅಂತ ನೀವೇ ಹೇಳಿದ್ರಲ್ಲ? ಯಾವುದಕ್ಕೆ ಅಂತ ಹೇಳಲಿಲ್ಲ. ನೋಡಿದೆ, ಎಲ್ಲ ಹಸಿರು, ಬ್ಯಾಟಿಂಗ್ ಒಂದೇ ಕೆಂಪು. ಮಕ್ಕಳು ಗಣಿತದಾಗೆ ಫೇಲಾದ್ರೆ ಗಣಿತಕ್ಕೇ ತಾನೆ ಟ್ಯೂಷನ್ ಹಾಕಾದು? ಪಾಸ್ ಮಾಡಿಸಿದೆ.”

ಹಾಲೇಶಪ್ಪನಿಗೆ ಸಿಡಿಲು ಬಡಿದಂತಾಯಿತು. ಒತ್ತು ಅಂದವನು ತಾನೇ. ಅವಳಿಗೇನು ತಿಳಿಯುತ್ತದೆ ಎಂದು ಲೆಕ್ಕಕ್ಕೇ ಹಿಡಿಯದವನೂ ತಾನೇ. ಮಾರ್ಟಿ ಹೋದ, ಫೈನಲ್ಲೂ ಹೋಯಿತು. ಎದುರಿಗೆ ಮುಜಮ್ಮಿಲ್ ತೆರೆದ ಎದೆಯ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ದುರುಗಮ್ಮ ಒಳಹೋಗಿ ಸೂಜಿ ದಾರ, ಒಂದು ಗುಂಡಿ ತಂದು ಗಂಡನ ಅಂಗೈಯಲ್ಲಿಟ್ಟಳು.

“ಕಿತ್ತೋರೇ ಹಾಕ್ರಿ.”

ಹಾಲೇಶಪ್ಪ ದಾರ ಪೋಣಿಸಲು ಹೋದ. ಸೂಜಿಯ ಕಣ್ಣೇ ಸಿಗಲಿಲ್ಲ. ಮುಜಮ್ಮಿಲ್ ಸೂಜಿ ಇಸಿದುಕೊಂಡು, ದಾರ ಪೋಣಿಸಿ, ಮತ್ತೆ ಅವನ ಕೈಗೇ ಕೊಟ್ಟ. ಅಂಗಿ ಬಿಚ್ಚಲಿಲ್ಲ, ಎದೆಯೊಡ್ಡಿ ನಿಂತ.

“ಚುಚ್ಚಬ್ಯಾಡ ಮಾರಾಯ.”