ಆರನೇ ಬಿಲ್ಲೆ

"ಬಂದಿರೋದು ಐದೇ ಬಿಲ್ಲೆ. ವ್ಯಾನು ಓಗಲ್ಲ."

ನರೇಶ್ ವ್ಯಾನಿನ ಬಾಗಿಲಿಗೆ ಅಡ್ಡ ನಿಂತಿದ್ದ. ಮೂರು ತಿಂಗಳಿಂದ ಫೋನಿನಲ್ಲಿ ಅಕ್ಷರಾಳ ಜೊತೆ ಜಗಳವಾಡುತ್ತಿದ್ದ ಈ ಗೈಡಿನ ದನಿಗೆ ಇಂದು ಬೆಳಿಗ್ಗೆಯಷ್ಟೇ ಮುಖ ಸಿಕ್ಕಿತ್ತು. ಆ ಮುಖ ಇಷ್ಟು ಚೆನ್ನಾಗಿರುತ್ತದೆ ಎಂದು ಅವಳು ಎಣಿಸಿರಲಿಲ್ಲ... ಹಠ ಮಾತ್ರ ಗೊತ್ತಿದ್ದದ್ದೇ.

ಕ್ವಾಲಾಲಂಪುರ, ಬ್ಯಾಂಕಾಕ್, ಸಿಯೋಲ್‌ಗಳಿಂದ ಆರು ಮಂದಿ ಪ್ರವಾಸ ಏಜೆಂಟರು ಬಂದಿದ್ದರು. ಅಲ್ಲಿನ ಪ್ರವಾಸಿಗರನ್ನು ಕೆಜಿಎಫ್‌ಗೆ ಕರೆತರುವುದು ಅಕ್ಷರಾಳ ಎರಡು ವರ್ಷದ ಕನಸು. ಹನ್ನೊಂದಕ್ಕೆ ಬಂಗಾರಪೇಟೆಯ ಹೋಟೆಲಿನಲ್ಲಿ ಏಜೆಂಟರು ಹೂಂ ಅನ್ನಬೇಕು. ಇಲ್ಲದಿದ್ದರೆ ಅವಳ ಕಂಪನಿ ಈ ಊರನ್ನೇ ಪಟ್ಟಿಯಿಂದ ತೆಗೆಯುತ್ತದೆ.

"ಬರದಿರೋದು ಮಲೇಷ್ಯಾದ ಶಶಿರೇಖ ಮೇಡಂ ತಾನೇ? ನಮ್ಮ ಬಾಸ್ ಕಾರಲ್ಲಿ ಮುಂದೆ ಹೋಗಿರ್ತಾರೆ."

"ನೀವ್ ನೋಡಿದ್ರಾ?"

"ಇಲ್ಲ... ಆದ್ರೆ..."

"ನಮ್ಮಪ್ಪ ನಂದಿದುರ್ಗ ಗಣಿಗೆ ಇಳೀತಿದ್ದೋರು. ಇಳಿಯೋವಾಗ ನಂಬರ್ ಬಿಲ್ಲೆ ತಗೋಬೇಕು, ಮೇಲ್ ಬಂದು ಮೊಳೆಗೆ ತಗಲಾಕ್ಬೇಕು. ಒಂದ್ ಮೊಳೆ ಖಾಲಿ ಇದ್ರೂ ಯಾರೂ ಮನೇಗ್ ಓಗ್ತಿರ್ಲಿಲ್ಲ."

ಬೆಳಿಗ್ಗೆ ಅವನು ಅತಿಥಿಗಳಿಗೂ ಹಿತ್ತಾಳೆ ಬಿಲ್ಲೆ ಹಂಚಿದ್ದ. ಅದು ತಮಾಷೆಗೆ ಎಂದುಕೊಂಡಿದ್ದಳು ಅಕ್ಷರಾ.

ಬೇಕಂತಲೇ ಮಾಡ್ತಿದ್ದಾನೆ... ಫಾರಿನ್ನೋರಿಗೆ ನಮ್ ಲೈನ್ ಮನೆ ಯಾಕ್ ತೋರಿಸ್ತೀರ ಎಂದು ಮೊದಲ ದಿನವೇ ಕೇಳಿದವನು!

"ಟೂರಿಸ್ಟರು ಬರೋದೇ ನಿಮಗೆ ಇಷ್ಟವಿಲ್ಲ. ನೇರವಾಗಿ ಹೇಳಿ."

ಅವನ ಮುಖ ಬಾಡಿತು. ಬೆಳಿಗ್ಗೆ ಸುತ್ತಿದ್ದ ಲೈನ್ ಮನೆಗಳತ್ತ, ಗಣಿ ಕಾರ್ಮಿಕರ ಆ ಹಳೆಯ ಸಾಲುಮನೆಗಳತ್ತ ನಡೆದ.

ಅಕ್ಷರಾ ಬಾಸ್‌ಗೆ ಫೋನ್ ಮಾಡಿದಳು. ಕಾರಿನಲ್ಲಿ ಅವರೊಬ್ಬರೇ ಇದ್ದರು.

ಅವಳು ಓಡಿದಳು.

ಮೂರನೇ ಸಾಲಿನಲ್ಲಿ, ಅಲ್ಲೇ ವಾಸವಿದ್ದ ಕನಕಮ್ಮನ ಜಗುಲಿಯ ಮೇಲೆ ಮಲೇಷ್ಯಾ ತಮಿಳರಾದ ಶಶಿರೇಖ ಕಾಲು ಚಾಚಿ ಕುಳಿತಿದ್ದರು. ಚರಂಡಿ ದಾಟುವಾಗ ಪಾದ ಉಳುಕಿತ್ತು, ಫೋನು ವ್ಯಾನಿನಲ್ಲೇ ಉಳಿದಿತ್ತು. ನರೇಶ್ ಬಗ್ಗಿ ಬಟ್ಟೆ ಕಟ್ಟುತ್ತಿದ್ದ.

"ಬಾಮ್ಮ," ಎಂದಳು ಕನಕಮ್ಮ. "ಈಯಮ್ಮನ ತಮಿಳು ನಮ್ದಕ್ಕಿಂತ ಚೆಂದಾಗೈತೆ. ನೀವ್ ಬಿಟ್ಟೋಗಿದ್ರೆ ನಾನೇ ಇಟ್ಕೊಂತಿದ್ದೆ."

ಬಂಗಾರಪೇಟೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ಬಾಸ್ ಗಡಿಯಾರ ನೋಡುತ್ತಿದ್ದರು. ಮುಗಿಯಿತು... ಎಂದುಕೊಂಡಳು ಅಕ್ಷರಾ.

ಶಶಿರೇಖ ಕುಂಟುತ್ತಲೇ ಬಂದು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: "ನನ್ನ ಗಿರಾಕಿಗಳೆಲ್ಲ ಅರವತ್ತು ದಾಟಿದವರು. ದೂರದೇಶದಲ್ಲಿ ಗುಂಪು ತಪ್ಪುವುದೇ ಅವರ ದೊಡ್ಡ ಭಯ. ಜನವರಿಗೆ ನಲವತ್ತು ಜನರನ್ನು ಕಳಿಸುತ್ತೇನೆ. ಬಿಲ್ಲೆ ಎಣಿಸುವ ನರೇಶ್ ಅವರೇ ಗೈಡ್ ಆಗಿರಬೇಕು."

ಬ್ಯಾಂಕಾಕ್, ಸಿಯೋಲ್‌ನವರೂ ತಲೆಯಾಡಿಸಿದರು.

ಅಕ್ಷರಾ ಹೊರಗೆ ಓಡಿ ಬಂದಳು. ನರೇಶ್ ವ್ಯಾನಿನ ಬಳಿ ನಿಂತಿದ್ದ.

"ಒಪ್ಪಿದ್ರು... ಎಲ್ಲರೂ. ಸಾರಿ ನರೇಶ್. ನಾನು ತಲೆ ಎಣಿಸಲೇ ಇಲ್ಲ, ನಿಮ್ಮನ್ನ ಅಂದ್ಬಿಟ್ಟೆ."

"ಇರ್ಲಿ ಬುಡಿ."

"ನಿಜ ಹೇಳಿ. ಟೂರಿಸ್ಟರು ಬಂದ್ರೆ ಬೇಜಾರಾ?"

"ಮೊದ್ಲು ಇತ್ತು. ಒಂದ್ ವಾರಕ್ಕೇ ಓಯ್ತು." ಅವನು ನೆಲ ನೋಡಿದ. "ನಾನ್ ಒಪ್ಕೊಂಡ್ರೆ ನೀವು ಮತ್ತೆ ಫೋನ್ ಮಾಡಲ್ಲ ಅಂತ... ಜಗ್ಳ ಆಡ್ತಾನೇ ಇದ್ದೆ."

ಅವಳಿಗೆ ನಗು ಬಂತು. ಕಣ್ಣೂ ತುಂಬಿತು.

"ಈಗ ಎಲ್ಲ ಒಪ್ಪಿಗೆ ಆಯ್ತು. ಇನ್ನೇನು ನೆಪ ಹೇಳ್ತೀರಿ?"

"ನೆಪ ಯಾಕೆ? ನೀವಂದ್ರೆ ಇಷ್ಟ. ನಿಮ್ ಮನೇಗ್ ಬಂದು ಕೇಳ್ಲಾ?"

"ಮೊದ್ಲು ಬಂಗಾರಪೇಟೆ ಪಾನಿಪುರಿ ಕೊಡಿಸಿ."

"ಖಾರ ತಡೀತೀರಾ?"

"ಮೂರು ತಿಂಗಳು ನಿಮ್ಮನ್ನೇ ತಡ್ಕೊಂಡಿದೀನಿ," ಎಂದು ಅವಳು ಅವನ ಕೈ ಹಿಡಿದಳು. "ನಡೀರಿ."