ದೇವೇಂದ್ರ ಕೊಡದ ಮಾತ್ರೆ

ಸೂಲಿಬೆಲೆ ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್ಸ್‌ನ ದೇವೇಂದ್ರನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೈಸ್ಕೂಲಿನಲ್ಲಿ ಒಂದೇ ಕ್ಲಾಸು ಎಂಬ ಸಲಿಗೆ ಬೇರೆ. ಪ್ರತಿ ತಿಂಗಳು ಮಾತ್ರೆ ಕೊಡುವಾಗ ನನ್ನ ಮುಖವನ್ನೇ ನೋಡುತ್ತಾನೆ. ಏನೋ ಅದು ಎಂದರೆ, ಕಣ್ಣು ಹಳದಿಯಾಗಿದೆಯಾ ನೋಡ್ತಿದ್ದೆ ಅನ್ನುತ್ತಾನೆ.

ಎರಡು ವರ್ಷದ ಹಿಂದೆ ನನ್ನ ಲಿವರಿನಿಂದ ರಕ್ತ ಹೊರಗೆ ಹೋಗುವ ನಾಳಗಳಲ್ಲಿ ಹೆಪ್ಪುಗಟ್ಟಿ ಹೊಟ್ಟೆ ಊದಿಕೊಂಡಿತ್ತು. ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆಯಂತೆ, ನನ್ನನ್ನೇ ಹುಡುಕಿಕೊಂಡು ಬಂತು. ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿದರು. ಮತ್ತೆ ಬರಬಹುದು, ರಕ್ತ ತೆಳುವಾಗಿಸುವ ಮಾತ್ರೆ ಬಿಡಬೇಡ, ಹಾರ್ಮೋನ್ ಮಾತ್ರೆ ಮುಟ್ಟಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಈಗ ಕೆಂಪರಾಜಣ್ಣನ ಹೊಸ ಮನೆಯ ಗೃಹಪ್ರವೇಶ. ಕಳಸ ಹಿಡಿದು ಒಳಗೆ ಹೋಗಬೇಕಾದವಳು ತಂಗಿ, ಅಂದರೆ ನಾನು. ನೋಡಿದರೆ ಅದೇ ದಿನ ನನ್ನ ಮುಟ್ಟು. ಎಲ್ಲರೂ ತಗೊಳ್ಳೋದೇ, ಮುಂದಕ್ಕೆ ಹಾಕೋ ಮಾತ್ರೆ ತಗೊಂಡು ಬಾ ಅಂದಳು ಅಮ್ಮ. ಅದೂ ಹಾರ್ಮೋನ್ ಮಾತ್ರೆಯೇ, ಆದರೂ ಮೂರು ದಿನಕ್ಕೆ ಏನಾಗುತ್ತೆ ಎಂದುಕೊಂಡೆ. ರೋಗಿಯಾಗಿ ಸಾಕಾಗಿತ್ತು, ಒಂದು ದಿನ ಮನೆಮಗಳಾಗಬೇಕಿತ್ತು.

ಅಂಗಡಿಯಲ್ಲಿ ಮೆಲ್ಲಗೆ ಕೇಳಿದೆ. ದೇವೇಂದ್ರನ ಮುಖ ಕೆಂಪಾಯಿತು. ನಾಚಿಕೆಯೆಂದುಕೊಂಡೆ, ಅದು ಸಿಟ್ಟು.

"ಕೊಡಲ್ಲ."

ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಲೋಕದಲ್ಲಿ ನಿನ್ನದೊಂದೇ ಅಂಗಡಿಯಾ, ಹೊಸಕೋಟೆಯಲ್ಲಿ ತಗೊಳ್ತೀನಿ ಎಂದು ಬೈದು ಬಸ್ ಹತ್ತಿದೆ. ಅಷ್ಟರಲ್ಲಿ ಆ ದರಿದ್ರದವನು ಬೈಕಿನಲ್ಲಿ ನಮ್ಮ ಮನೆಗೇ ಹೋಗಿ, ಆ ಮಾತ್ರೆ ನುಂಗಿದರೆ ಮತ್ತೆ ಹೆಪ್ಪುಗಟ್ಟಬಹುದು ಎಂದು ಅಮ್ಮನಿಗೆ ಹೇಳಿದ್ದ, ಅದೂ ಅಣ್ಣನ ಎದುರಿಗೆ. ಅಮ್ಮ ಫೋನಿನಲ್ಲಿ ಅತ್ತಳು. ಅರ್ಧ ದಾರಿಯಲ್ಲಿ ಇಳಿದು ವಾಪಸ್ ಬಂದೆ.

ಗೃಹಪ್ರವೇಶದ ದಿನ ಎದುರಿನ ಹಳೇ ಮನೆಯ ಜಗಲಿಯ ಮೇಲೆ ನಾನೊಬ್ಬಳೇ. ಕಳಸ ಚಿಕ್ಕಪ್ಪನ ಮಗಳ ಕೈಯಲ್ಲಿತ್ತು. ನನಗೆ ಅಳು ಬಂದುಬಿಟ್ಟಿತು. ಊಟದ ಹೊತ್ತಿಗೆ ದೇವೇಂದ್ರ ಬಂದ, ಇಸ್ತ್ರಿ ಶರ್ಟು ಹಾಕಿಕೊಂಡು.

"ಹೋಗೋ. ನಿನ್ ಮುಖ ನೋಡಿದ್ರೆ ಹೊಟ್ಟೆ ಉರಿಯುತ್ತೆ."

"ಎಲ್ಲಿ? ಬಲಗಡೆ ಪಕ್ಕೆ ಕೆಳಗಾ?"

ನಗು ಬಂತು, ಬಿಟ್ಟುಕೊಡಲಿಲ್ಲ. ಕಾಯಿಲೆ ಮತ್ತೆ ಬಂದರೆ ನನಗೆ ತಾನೆ, ನಿನಗೇನು ಕಷ್ಟ ಎಂದು ರೇಗಿದೆ. ಅವನು ಪಕ್ಕದಲ್ಲೇ ಕೂತ.

"ನೀನು ಆಸ್ಪತ್ರೇಲಿದ್ದಾಗ ನಾನು ಹೆಂಗಿದ್ದೆ ಅಂತ ನಿನಗೆ ಗೊತ್ತಿಲ್ಲ ಕಣೇ. ಇನ್ನೊಂದ್ಸಲ ನನ್ ಕೈಲಾಗಲ್ಲ. ನೀನಂದ್ರೆ ನಂಗಿಷ್ಟ. ಈಗ ಬೈಕೋ."

ಮದುವೆಯಾದ ಮೇಲೂ ಆ ಕಾಯಿಲೆ ಬರಬಹುದು ಎಂದೆ. ಗೊತ್ತು ಎಂದು, ಊಟದ ಪಂಕ್ತಿಯವರೆಲ್ಲ ನೋಡುತ್ತಿರುವಾಗಲೇ ನನ್ನ ಕೈ ಹಿಡಿದುಕೊಂಡ.

"ಲೇ, ಮುಟ್ಟಿಬಿಟ್ಟೆಯಲ್ಲೋ. ಇನ್ನು ಆ ಪಂಕ್ತೀಲಿ ನಿನ್ನ ಕೂರಿಸಲ್ಲ."

ಅವನು ಎದುರಿಗೆ ಬಾಯಿ ಬಿಟ್ಟುಕೊಂಡು ನಿಂತಿದ್ದ ನಮ್ಮಮ್ಮನ ಕಡೆ ತಿರುಗಿದ. ಇಷ್ಟು ದಿನ ವರಲಕ್ಷ್ಮಮ್ಮನೋರೇ ಅನ್ನುತ್ತಿದ್ದವನು.

"ಅತ್ತೇ, ಎರಡೆಲೆ ಇಲ್ಲಿಗೇ ಕಳಿಸಿ."

ಅಮ್ಮ ಪಂಕ್ತಿಯ ಕಡೆ ಹೋದಳು. ಆಮೇಲೆ ಎಲೆ ತಾನೇ ತಂದಳು.