ಹಳದಿ ಗೆರೆಯಲ್ಲಿ ನೀಲಿ ತುಂಡು

ಚರ್ರ್ ಎಂದು ಏನನ್ನೋ ಕಿತ್ತಂತೆ ಒಂದು ಸಣ್ಣ ಸದ್ದು. ನಡುರಾತ್ರಿ ಎದ್ದು ಕಿಟಕಿಗೆ ಬಂದೆ. ಎದುರಿನ ಆಟದ ಒಳಾಂಗಣದಲ್ಲಿ ಎಂದಿನಂತೆ ದೀಪ ಉರಿಯುತ್ತಿತ್ತು. ಸುಮ್ಮನೆ ಹೆದರುವುದು ನನ್ನ ಸ್ವಭಾವ ಎಂದುಕೊಂಡು ಮಲಗಿದೆ.

ಕಣ್ಣು ಕಾಣದ ಹುಡುಗಿಯರಿಗಾಗಿ ಅಂಕೋಲೆಯಲ್ಲಿರುವ ಆ ವಸತಿಶಾಲೆಗೆ ನಾನು ಮೇಲ್ವಿಚಾರಕಿ. ಗೆಳತಿ ವಿನುತಾ ಅಲ್ಲೇ ವಾಸವಿದ್ದ ಆಟದ ಶಿಕ್ಷಕಿ. ಅವಳಿಗೂ ಹುಟ್ಟಿನಿಂದ ದೃಷ್ಟಿಯಿಲ್ಲ. ಆದರೆ ಶಾಲೆಯಲ್ಲಿ ಏನು ಕಳೆದರೂ ಪತ್ತೆ ಹಚ್ಚುವವಳು ಅವಳೇ.

"ಇದೆಂತ ಮೋಸ ಮಾಡೀರಿ?" ಬೆಳಿಗ್ಗೆ ಕಾರವಾರದ ತಂಡದೊಂದಿಗೆ ಬಂದ ತರಬೇತುದಾರ ಮಾಬ್ಲೇಶ್ವರ ಕೂಗಾಡಿದ. "ಹಿಂಗಾದ್ರೆ ನಾವು ಆಡೂದಿಲ್ಲ, ವಾಪಸ್ ಹೋಗ್ತೇವೆ!"

ಅದು ನಮ್ಮ ಹುಡುಗಿಯರ ಮೊದಲ ಗೋಲ್‌ಬಾಲ್ ಪಂದ್ಯ. ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಗೆಜ್ಜೆ ತುಂಬಿದ ಚೆಂಡು ಉರುಳಿ ಬರುವ ಸದ್ದು ಕೇಳಿ, ಮೈಯೊಡ್ಡಿ ತಡೆಯುವ ಆಟ. ನೆಲದ ಹಳದಿ ಟೇಪಿನ ಕೆಳಗೆ ತೆಳ್ಳನೆಯ ದಾರವಿರುತ್ತದೆ. ಅದನ್ನು ಮುಟ್ಟಿಯೇ ಆಟಗಾರ್ತಿಯರು ತಮ್ಮ ಜಾಗ ತಿಳಿಯಬೇಕು. ನಮ್ಮ ತಂಡದ ಮೂವರಲ್ಲಿ ಮನಿಷಾ ಒಬ್ಬಳಿಗೆ ಮಾತ್ರ ಆ ಹಳದಿ ಮಸುಕಾಗಿ ಕಾಣುತ್ತಿತ್ತು. ಈಗ ನಮ್ಮ ಬದಿಯ ಎಡಮೂಲೆಯಲ್ಲಿ ಯಾರೋ, ಜಾಗ ಸುಲಭವಾಗಿ ಸಿಗಲೆಂದು, ತೆಳು ದಾರಕ್ಕೆ ದಪ್ಪ ದಾರ ಸೇರಿಸಿ, ಮೇಲೆ ನೀಟಾಗಿ ಟೇಪು ಹಚ್ಚಿದ್ದರು.

ವಿನುತಾ ಮಂಡಿಯೂರಿ ಟೇಪು ಬಿಡಿಸಿ ಬೆರಳಾಡಿಸಿದಳು. "ಬಲೆ ನೇಯುವವರ ಗಂಟು," ಎಂದಳು.

ಎಲ್ಲರೂ ಕಾವಲುಗಾರ ಬಾಬುವಿನತ್ತ ನೋಡಿದೆವು. ಅವನೂ ಮನಿಷಾಳ ಊರಾದ ಬೇಲೆಕೇರಿಯವನು, ಮೀನುಗಾರರ ಮನೆಯವನು.

"ನಾನಾ? ನನ್ನ ಸ್ವಂತ ಬಲೆ ಹರದ್ರೇ ಹೊಲಿಯೂಕೆ ಸೋಂಬೇರಿ ನಾನು!" ಎಂದ ಬಾಬು.

ವಿನುತಾ ನನ್ನನ್ನು ಕೇಳಿದಳು, "ಈ ಟೇಪಿನ ಬಣ್ಣ?"

"ನೀಲಿ. ಉಳಿದದ್ದೆಲ್ಲ ಹಳದಿ."

"ಹಳದಿ ಸುರುಳಿ ಮುಗಿದಿತ್ತೇ?"

"ಇಲ್ಲ. ಕಪಾಟಿನಲ್ಲಿ ಎರಡೂ ಪಕ್ಕಪಕ್ಕವೇ ಇವೆ."

"ರಾತ್ರಿ ದೀಪ?"

"ಉರಿಯುತ್ತಿತ್ತು. ನಾನೇ ನೋಡಿದ್ದೆ."

ಅವಳು ಮತ್ತೊಮ್ಮೆ ಆ ಗಂಟಿನ ಮೇಲೆ ಬೆರಳಾಡಿಸಿದಳು. ಆಮೇಲೆ ಮಾಬ್ಲೇಶ್ವರ, ಬಾಬು ಮತ್ತು ನಮ್ಮ ಮೂವರು ಹುಡುಗಿಯರನ್ನು ಅಲ್ಲೇ ನೆಲದ ಮೇಲೆ ಕೂರಿಸಿದಳು.

"ಗುಟ್ಟಾಗಿ ಕೆಲಸ ಮಾಡುವವರು ಬೆಳಕಿನಲ್ಲಿ ಹಳದಿ ಬಿಟ್ಟು ನೀಲಿ ಹಚ್ಚುವುದಿಲ್ಲ. ಅಂದರೆ ಮಾಡಿದವರಿಗೆ ಬಣ್ಣ ಕಾಣುವುದಿಲ್ಲ. ಹಾಗಾಗಿ ಬಾಬು ಅಲ್ಲ. ತಂಡದಲ್ಲಿ ಶೆಟಗೇರಿಯ ಮಾನಸಾ, ಹಿಲ್ಲೂರಿನ ಬೊಮ್ಮಿ ಗದ್ದೆ ಕೆಲಸದ ಮನೆಯವರು. ಅವರಿಗೆ ಈ ಗಂಟು ಬಾರದು. ಗಂಟು ಬಲ್ಲವಳು ಇನ್ನೊಬ್ಬಳಿದ್ದಾಳೆ. ಅವಳಿಗೆ ಹಳದಿ ಕಾಣುತ್ತದೆಂದು ನಾವೆಲ್ಲ ನಂಬಿದ್ದೇವೆ." ವಿನುತಾಳ ದನಿ ಮೆತ್ತಗಾಯಿತು. "ಆ ನಂಬಿಕೆಯೇ ತಪ್ಪಾಗಿದ್ದರೆ?"

ಮನಿಷಾ ಎದ್ದು ನಿಂತಳು. "ನಾನೇ ಅಕ್ಕೋರೆ. ಮಳೆಗಾಲದಿಂದ ಎಂತದೂ ಕಾಣ್ತಿಲ್ಲ. ಮೊದ್ಲು ಪಟ್ಟಿ ಕಟ್ಟೂಕೆ ಮುಂಚೆ ಗೆರೆ ನೋಡ್ಕಂಡು ನಿಲ್ತಿದ್ದೆ. ಈಗ ಆ ದಾರ ಕಾಲಿಗೆ ಸಿಕ್ಕೂದೇ ಇಲ್ಲ. ಗೊತ್ತಾದ್ರೆ ಆಯಿ ಆಟ ಬಿಡಿಸ್ತದೆ."

"ಅಮ್ಮನಿಗೆ ಹೇಳಲೇಬೇಕು. ಡಾಕ್ಟರ ಹತ್ತಿರವೂ ಹೋಗಬೇಕು," ಎಂದಳು ವಿನುತಾ.

"ಹೇಳ್ತೆ. ಇವತ್ತು ಆಟ ಮುಗದ ಮೇಲೆ ನಾನೇ ಹೇಳ್ತೆ."

"ಹಾಗಾದರೆ ಕಾಲು ಬಿಡು. ಮಂಡಿಯೂರಿ ಕೈಯಿಂದ ಹುಡುಕು. ಬಲೆಯ ಹರಿದ ಕಣ್ಣು ಹುಡುಕುವ ಬೆರಳಿಗೆ ಈ ದಾರ ಸಿಗದೇ?"

ಮಾಬ್ಲೇಶ್ವರ ಕೆಮ್ಮಿದ. "ಬಾಬು, ತಪ್ಪು ತಿಳ್ಕಬೇಡ ಮಾರಾಯಾ. ಗೆರೆ ಸರಿ ಮಾಡಿ, ಕಾಯ್ತೇವೆ. ಆದ್ರೆ ನನ್ನ ಹುಡುಗಿಯರು ಪಾಪ ಅಂದ್ಕಂಡು ಮೆತ್ತಗೆ ಎಸೆಯೂದಿಲ್ಲ, ಹಾಂ!"

"ಯಾರು ಕೇಳಿದ್ರು?" ಎಂದಳು ಮನಿಷಾ.

ಆಡುವಾಗ ಯಾರೂ ಸದ್ದು ಮಾಡುವಂತಿಲ್ಲ. ನಾವು ಒಂದು ಗೋಲು ಮುಂದಿದ್ದೆವು. ಕೊನೆಯ ಚೆಂಡು ಗೆಜ್ಜೆ ಸದ್ದಿನೊಂದಿಗೆ ಎಡಮೂಲೆಗೇ ರಭಸದಿಂದ ಬಂತು. ಮನಿಷಾ ಗೆರೆಯನ್ನು ಬೆರಳಿನಿಂದ ಸವರಿ, ಉದ್ದಕ್ಕೆ ಬಿದ್ದು, ಪಕ್ಕೆಯಿಂದ ಚೆಂಡನ್ನು ತಡೆದು ಅಪ್ಪಿಕೊಂಡಳು. ಒಳಾಂಗಣವೆಲ್ಲ ಒಮ್ಮೆಲೇ ಕೂಗಿತು. ನಾನೂ ಕೂಗಿದೆ.

ಮೀನಿನ ಬುಟ್ಟಿ ಹೊರಗಿಟ್ಟು ಬಂದಿದ್ದ ಅವಳ ತಾಯಿ ಬೇಬಿ ನನ್ನ ತೋಳು ಹಿಡಿದಳು. "ನೋಡಿದ್ರಾ ಅಕ್ಕೋರೆ? ಪಟ್ಟಿ ಕಟ್ಟಿದ್ರೂ ನನ್ನ ಮಗಳಿಗೆ ಎಲ್ಲಾ ಕಾಣ್ತದೆ! ಅಲ್ಲ, ಬೆಳಗ್ಗೆ ಎಂತದೋ ಗಲಾಟೆಯಂತಲ್ಲ?"

ದೂರದಲ್ಲಿ ಮನಿಷಾ ತಲೆಯೆತ್ತಿ, ಒಂದು ಕೈಯಿಂದ ಗೋಡೆ ಸವರುತ್ತಾ, ತಾಯಿಯ ದನಿ ಹಿಡಿದು ನಮ್ಮತ್ತ ಬರುತ್ತಿದ್ದಳು.

"ಟೇಪು ಬಿಟ್ಟಿತ್ತು, ಅಷ್ಟೇ," ಎಂದೆ. ಮನಿಷಾಳ ಮಾತು ಅವಳ ಬಾಯಿಂದಲೇ ಬರಲಿ. ಅಲ್ಲಿಯವರೆಗೆ ಯಾರಿಗೂ ಏನನ್ನೂ ಹೇಳಬಾರದೆಂದು ನಿಶ್ಚಯಿಸಿ, ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.